ಹಲ್ಲು ಎಣಿಸಿ ಕೂರಿಸಿದ ಬೆಲ್ಟು

ತೋಟದ ಟಿಪ್ಪಣಿ ಯಾಕೆ ಬರ್ತಿಲ್ಲ ಅಂತ ನಾಲ್ಕೈದು ಜನ ಕೇಳಿದ್ರಿ. ತೋಟ ಸದ್ಯಕ್ಕೆ ತಮ್ಮನ ಕೈಲಿದೆ. ನಾನು ಮಗನ ಮನೇಲಿದ್ದೀನಿ, ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಆಸ್ಟಿನ್ ಊರಿನ ಹೊರಭಾಗದಲ್ಲಿ. ಇಲ್ಲಿಯ ಹತ್ತಿ ಹೊಲ, ಜೋಳದ ಹೊಲದ ಬಗ್ಗೆ ಇನ್ನೊಂದು ದಿನ ಬರೀತೀನಿ. ಇವತ್ತು ಬರೆಯೋದು ಒಂದು ಹಳೇ ಕಾರಿನ ಟೈಮಿಂಗ್ ಬೆಲ್ಟು ಮತ್ತು ನೀರಿನ ಪಂಪು ಬದಲಿಸಿದ ವಿಷಯ. ಪಂಪು, ಬೆಲ್ಟು ಅಂದಮೇಲೆ ಈ ಪೇಜಿಗೆ ಅದೇನೂ ಹೊರಗಿನದಲ್ಲ.

ಕಾರು 1995ರ ಮಾಜ್ಡಾ ಮಿಯಾಟಾ. ಎರಡೇ ಸೀಟು, ಮೇಲೆ ಮಡಚುವ ಬಟ್ಟೆ ಛಾವಣಿ. ಒಂದು ಮೂಟೆ ಕೊಬ್ಬರಿ ಇಡೋಕೂ ಜಾಗ ಇಲ್ಲದ ಡಿಕ್ಕಿ, ಅದರಲ್ಲೂ ಒಂದು ಮೂಲೆಯನ್ನ ಬ್ಯಾಟರಿ ತಿಂದುಬಿಟ್ಟಿದೆ. ದೀಪ ಹಾಕಿದ್ರೆ ಮುಂದಿನ ಲೈಟುಗಳು ಕಪ್ಪೆಕಣ್ಣಿನ ಹಾಗೆ ಮೇಲಕ್ಕೆ ಏಳ್ತವೆ. ಜಪಾನಿನ ಹಿರೋಶಿಮಾದಲ್ಲಿ ತಯಾರಾಗುವ ಕಾರು. 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ತೋರಿಸಿದ್ರಂತೆ, 2016ರ ಹೊತ್ತಿಗೆ 10 ಲಕ್ಷ ತಯಾರಿಸಿದ್ರು. ತೂಕ ಸುಮಾರು 1 ಟನ್, ಎಂಜಿನ್ 1.8 ಲೀಟರ್. ದೊಡ್ಡ ಶಕ್ತಿಯೇನಿಲ್ಲ, ಆದ್ರೆ ಹಗುರ. ತಿರುವಿನಲ್ಲಿ ಹೋಗುವಾಗ ಎಳೇ ಹೋರಿ ತಿರುಗಿದ ಹಾಗೆ ತಿರುಗುತ್ತೆ. ಮಗ ಇದನ್ನ ಕೊಂಡು 6 ವರ್ಷ ಆಯ್ತು.

ನಾನು ಬಂದ ಎರಡನೇ ವಾರ ಮಗನ ಕೆಲಸ ಹೋಯ್ತು. ಬೆಳಿಗ್ಗೆ ಕಾಫಿ ಕುಡೀತಾ ಲ್ಯಾಪ್‌ಟಾಪ್ ತೆಗೆದ, ಒಂದು ಮೇಲ್ ಇತ್ತು, ಅರ್ಧ ಗಂಟೆಯಲ್ಲಿ ಕಂಪನಿಯ ಬಾಗಿಲು ಎಲ್ಲ ಕಡೆಯಿಂದ ಮುಚ್ಚಿತು. ಅವನ ಜೊತೆ ಇನ್ನೂ ಬಹಳ ಜನ. ವೀಸಾದಲ್ಲಿರೋರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ ಅವಕಾಶ. ಅಷ್ಟರಲ್ಲಿ ಬೇರೆ ಕಂಪನಿ ಸಿಗಬೇಕು, ಇಲ್ಲ ವೀಸಾದ ಬಗೆ ಬದಲಿಸೋಕೆ ಅರ್ಜಿ ಹಾಕಬೇಕು, ಇಲ್ಲ ದೇಶ ಬಿಡಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಅವನೇನೂ ಗುರುತು ಹಾಕಲಿಲ್ಲ. ಆದ್ರೆ ಇವತ್ತು ಎಷ್ಟನೇ ದಿನ ಅಂತ ಮನೇಲಿ ಎಲ್ರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಲ್ಲ.

ಮನೆಯಲ್ಲಿ ಎರಡು ಕಾರು. ಒಂದು ಎಲ್ರೂ ಕೂರೋ ಕಾರು, ಇನ್ನೊಂದು ಇದು. ಯಾವುದನ್ನ ಮಾರಬೇಕು ಅನ್ನೋದಕ್ಕೆ ಚರ್ಚೆ ಬೇಕಿರಲಿಲ್ಲ. ಚರ್ಚೆ ಇದ್ದದ್ದು ಬೇರೆ. ಇದರ ಟೈಮಿಂಗ್ ಬೆಲ್ಟಿಗೆ ಕಂಪನಿ ಹೇಳಿರೋ ಆಯುಸ್ಸು 60,000 ಮೈಲಿ, ಅಂದ್ರೆ ಸುಮಾರು 96,000 ಕಿಲೋಮೀಟರ್. ಹಿಂದಿನ ಮಾಲೀಕ ಒಮ್ಮೆ ಬದಲಿಸಿದ್ದ. ಈಗ ಮೀಟರಿನಲ್ಲಿ 1,18,000 ಮೈಲಿ. ಎರಡನೇ ಸಲದ ಹೊತ್ತು ಬಂದಿತ್ತು. ಹಾಗೇ ಇದ್ದದ್ದು ಇದ್ದ ಹಾಗೆ ಹೇಳಿ ಕಡಿಮೆ ಬೆಲೆಗೆ ಕೊಡೋದಾ, ಅಥವಾ ಬದಲಿಸಿ ಮಾರೋದಾ?

ಗ್ಯಾರೇಜಿನಲ್ಲಿ ಕೇಳಿದ್ರೆ 1,100 ಡಾಲರ್ ಅಂದ್ರು. ಅದರಲ್ಲಿ ಬಹುಪಾಲು ಕೂಲಿ. ಸಾಮಾನು ಮಾತ್ರ ತಂದ್ರೆ ಬೆಲ್ಟು, ಟೆನ್ಷನರ್, ಐಡ್ಲರ್, ವಾಟರ್ ಪಂಪು, ಸೀಲುಗಳು, ಕೂಲಂಟ್ ಎಲ್ಲ ಸೇರಿ 210 ಡಾಲರ್ ಆಯ್ತು. ಮಗ ನನ್ನ ಮುಖ ನೋಡಿದ. ಊರಲ್ಲಿ ಡೀಸೆಲ್ ಪಂಪ್‌ಸೆಟ್ ಬಿಚ್ಚುವಾಗ ಪಕ್ಕದಲ್ಲಿ ಕೂತು ಸ್ಪ್ಯಾನರ್ ಎತ್ತಿಕೊಡ್ತಿದ್ದ ಹುಡುಗ ಅವನು. "ನಾವೇ ಮಾಡೋಣ" ಅಂದೆ.

ಟೈಮಿಂಗ್ ಬೆಲ್ಟು ಅಂದ್ರೇನು ಅಂತ ಕೆಲವರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡ್ತೀನಿ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದ್ರೆ ಕ್ಯಾಮ್ ಒಂದು ಸುತ್ತು. ವಾಲ್ವು ಯಾವಾಗ ತೆರೀಬೇಕು, ಯಾವಾಗ ಮುಚ್ಚಬೇಕು ಅನ್ನೋದು ಕ್ಯಾಮಿನ ಕೆಲಸ. ನಮ್ಮ ಹಳೇ ಸಿಂಗಲ್ ಸಿಲಿಂಡರ್ ಡೀಸೆಲ್ ಎಂಜಿನ್ನಿನಲ್ಲಿ ಈ ಎರಡನ್ನೂ ಗೇರು ಜೋಡಿಸುತ್ತೆ. ಗೇರಿನ ಮೇಲೆ ಚುಕ್ಕಿ ಇರುತ್ತಲ್ಲ, ಚುಕ್ಕಿಗೆ ಚುಕ್ಕಿ ಕೂರಿಸ್ತೀವಲ್ಲ, ಅದೇ. ಈ ಕಾರಿನಲ್ಲಿ ಗೇರಿನ ಬದಲು ಹಲ್ಲಿರುವ ರಬ್ಬರ್ ಬೆಲ್ಟು, ಅದು ಕ್ರ್ಯಾಂಕಿನಿಂದ ಮೇಲಿನ ಎರಡು ಕ್ಯಾಮುಗಳನ್ನ ತಿರುಗಿಸುತ್ತೆ. ಹೊರಗಿನ ವಿ-ಬೆಲ್ಟು ಜಾರಿದ್ರೆ ಕೀಚ್ ಅಂತ ಕೂಗಿ ಹೇಳುತ್ತೆ. ಟೈಮಿಂಗ್ ಬೆಲ್ಟು ಕೂಗಲ್ಲ. ಒಳಗೆ ಗಾಜಿನ ನಾರಿನ ಹುರಿ ಇರುತ್ತೆ, ಅದು ಸವೆದದ್ದು ಹೊರಗೆ ಕಾಣಲ್ಲ. ಒಂದು ದಿನ ಹೋಗುತ್ತೆ, ಅಷ್ಟೇ.

ಹೋದ್ರೆ ಏನಾಗುತ್ತೆ ಅನ್ನೋದು ಎಂಜಿನ್ನಿನ ಮೇಲೆ ಹೋಗುತ್ತೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವು ಇಳಿಯೋ ಜಾಗಕ್ಕೇ ಪಿಸ್ಟನ್ನು ಏರುತ್ತೆ. ಬೆಲ್ಟು ಕಿತ್ತ ಕ್ಷಣ ಎರಡೂ ಡಿಕ್ಕಿ, ವಾಲ್ವು ಬಾಗಿ ಎಂಜಿನ್ ಕೆಲಸ ಮುಗೀತು. ಪೋರ್ಷೆ 944 ಅಂತ 80ರ ದಶಕದ ಕಾರೊಂದಿದೆ, ಅದು ಈ ಜಾತಿ. ಮಗನ ಕಾರು ಪುಣ್ಯಕ್ಕೆ ಹಾಗಲ್ಲ. ಬೆಲ್ಟು ಹರಿದ್ರೆ ನಿಂತಲ್ಲೇ ನಿಲ್ಲುತ್ತೆ, ಎಂಜಿನ್ ಹಾಳಾಗಲ್ಲ. ಆದ್ರೆ ಆರು ಸಾಲಿನ ಹೆದ್ದಾರಿಯ ಮಧ್ಯ, 110 ಕಿಲೋಮೀಟರ್ ವೇಗದ ಲಾರಿಗಳ ನಡುವೆ ನಿಲ್ಲೋದು ಸಣ್ಣ ವಿಷಯ ಅಲ್ಲ.

ನಮ್ಮ ಕಡೆ ಜಾತ್ರೇಲಿ ದನ ಮಾರುವಾಗ ಕೊಳ್ಳೋನು ಹಲ್ಲು ಹಿಡಿದು ನೋಡ್ತಾನೆ, ಸುಳಿ ನೋಡ್ತಾನೆ, ನಡೆಸಿ ನೋಡ್ತಾನೆ. ಒಳಗಿನ ಕಾಯಿಲೆ ಮಾತ್ರ ಸಾಕಿದೋನಿಗೇ ಗೊತ್ತು. ಅದನ್ನ ಹೇಳೋದೋ, ವಾಸಿ ಮಾಡಿ ಕೊಡೋದೋ, ಮುಚ್ಚಿಟ್ಟು ಕೊಡೋದೋ ಅನ್ನೋದ್ರಲ್ಲೇ ಮಾರುವವನ ಮರ್ಯಾದೆ ಇರೋದು. ಕೆಲಸ ಹೋದ ಹೊತ್ತಿನಲ್ಲಿ ಮಗ ವಾಸಿ ಮಾಡಿ ಕೊಡೋ ದಾರಿ ಹಿಡಿದದ್ದು ನನಗೆ ಸಮಾಧಾನ ಕೊಟ್ಟಿತು. ಅದನ್ನ ಅವನಿಗೆ ಹೇಳಲಿಲ್ಲ, ಇಲ್ಲಿ ಬರೀತಿದೀನಿ.

ಟೆಕ್ಸಸ್ ಬಿಸಿಲು ನಮ್ಮ ರಾಯಚೂರಿನ ಬಿಸಿಲಿಗೆ ಏನೂ ಕಡಿಮೆ ಇಲ್ಲ. ಬೆಳಿಗ್ಗೆ 6ಕ್ಕೆ ಶುರು ಮಾಡಿ 11ಕ್ಕೆ ನಿಲ್ಲಿಸೋದು ಅಂತ ಮಾಡಿಕೊಂಡ್ವಿ. ಮೊದಲು ಡಿಕ್ಕಿಯಲ್ಲಿ ಬ್ಯಾಟರಿ ವೈರು ಬಿಚ್ಚಿದ್ದು. ಆಮೇಲೆ ರೇಡಿಯೇಟರ್ ಕೆಳಗಿನ ಬಿರಡೆ ಸಡಿಲಿಸಿ ಹಳೇ ಕೂಲಂಟ್ ಟ್ರೇಗೆ ಇಳಿಸಿದ್ದು. ಈ ಕೂಲಂಟ್ ಸಿಹಿಯಾಗಿರುತ್ತೆ, ಆದ್ರೆ ವಿಷ. ನಾಯಿ, ಬೆಕ್ಕು ನೆಕ್ಕಿದ್ರೆ ಮೂತ್ರಪಿಂಡ ಹೋಗಿ ಸಾಯ್ತವೆ. ಟ್ರ್ಯಾಕ್ಟರ್ ಇರೋರು ಕೊಟ್ಟಿಗೆ ಹತ್ತಿರ ಇದನ್ನ ಚೆಲ್ಲಬೇಡಿ. ಒಂದು ತೊಟ್ಟು ಬಿದ್ರೂ ಮಗ ನೀರು ಹಾಕಿ ಒರೆಸ್ತಿದ್ದ.

ನೀರು ಇಳಿದ ಮೇಲೆ ಗಾಳಿಯ ಕೊಳವೆ, ರೇಡಿಯೇಟರ್ ಪೈಪು, ಸ್ಪಾರ್ಕ್ ಪ್ಲಗ್ಗುಗಳು, ಮೇಲಿನ ವಾಲ್ವ್ ಕವರ್ ಒಂದೊಂದಾಗಿ ಬಂದವು. ಹೊರಗಿನ ಬೆಲ್ಟುಗಳನ್ನ ಬಿಚ್ಚೋ ಮೊದಲೇ ಪಂಪಿನ ಪುಲ್ಲಿಯ ಬೋಲ್ಟುಗಳನ್ನ ಸಡಿಲಿಸ್ಕೊಂಡ. ಬೆಲ್ಟಿನ ಬಿಗಿ ಇದ್ದಾಗಲೇ ಪುಲ್ಲಿ ತಿರುಗದೆ ನಿಲ್ಲೋದು. ಇಂಥ ಸಣ್ಣ ಜಾಣತನವೇ ಅರ್ಧ ಮೆಕ್ಯಾನಿಕ್ ಕೆಲಸ. ಬೋಲ್ಟುಗಳನ್ನ ಮೊಟ್ಟೆ ಇಡೋ ಟ್ರೇಯ ಗುಳಿಗಳಲ್ಲಿ ಹಾಕಿ, ಪ್ರತಿ ಗುಳಿಗೂ ಪೆನ್ನಿನಲ್ಲಿ ಹೆಸರು ಬರೆದಿಟ್ಟ.

ಕಷ್ಟ ಕೊಟ್ಟದ್ದು ಕ್ರ್ಯಾಂಕಿನ ನಡು ಬೋಲ್ಟು, 21 ಎಂಎಂ. ಅದನ್ನ ಬಿಚ್ಚುವಾಗ ಎಂಜಿನ್ನೇ ತಿರುಗಿಬಿಡುತ್ತೆ. ಅದಕ್ಕೆ ಕಾರನ್ನ 5ನೇ ಗೇರಿಗೆ ಹಾಕಿ, ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡೀಬೇಕು. ಆ ಕೆಲಸ ನಂದು. ಸೀಟು ನೆಲಕ್ಕೆ ಒಂದು ಗೇಣು ಮೇಲೆ. ನನ್ನ ಮಂಡಿಗೆ ಅದರೊಳಗೆ ಇಳಿಯೋದೇ ಒಂದು ಪ್ರಯಾಣ. ಮಗ ಸ್ಪ್ಯಾನರ್ ಹಿಡಿಗೆ ಉದ್ದನೆ ಪೈಪು ಸೇರಿಸಿ ಎಳೆದ. ಎರಡು ಸಲ ಏನೂ ಆಗಲಿಲ್ಲ. ಮೂರನೇ ಸಲ ಟಪ್ ಅಂತ ಶಬ್ದ ಬಂತು. ಬೋಲ್ಟು ಮುರೀತೇನೋ ಅಂದ್ಕೊಂಡೆ, ಇಲ್ಲ, ಸಡಿಲ ಆಗಿತ್ತು. ಅವತ್ತಿಗೆ ಅಷ್ಟು ಸಾಕು ಅಂತ ನಿಲ್ಲಿಸಿದ್ವಿ.

ಮಾರನೇ ದಿನ ಕವರುಗಳು ಬಂದವು. ಹಳೇ ಬೆಲ್ಟು ನೋಡೋಕೆ ಚೆನ್ನಾಗೇ ಇತ್ತು. ಬಿರುಕಿಲ್ಲ, ಹಲ್ಲು ಉದುರಿಲ್ಲ. ಆದ್ರೆ ಬೆನ್ನು ಕನ್ನಡಿ ಹಾಗೆ ಹೊಳೀತಿತ್ತು, ಕೈಯಲ್ಲಿ ಹಿಡಿದ್ರೆ ಹೊಸದರ ಮೆದು ಇರಲಿಲ್ಲ. ಪಂಪು ಮಾತ್ರ ಸತ್ಯ ಹೇಳ್ತು. ಅದರ ಮೈಯಲ್ಲಿ ಕೆಳಗೆ ಒಂದು ಸಣ್ಣ ತೂತಿರುತ್ತೆ. ಒಳಗಿನ ಸೀಲು ಹೋದ್ರೆ ನೀರು ಬೇರಿಂಗಿಗೆ ಹೋಗದೆ ಆ ತೂತಿನಿಂದ ಹೊರಗೆ ಬರಲಿ ಅಂತ. ಆ ತೂತಿನ ಕೆಳಗೆ ಒಣಗಿದ ಉಪ್ಪಿನ ಗೆರೆ ಇಳಿದಿತ್ತು. ಶಾಫ್ಟನ್ನ ಬೆರಳಲ್ಲಿ ಅಲ್ಲಾಡಿಸಿದ್ರೆ ಸ್ವಲ್ಪ ಆಟ.

ಇಲ್ಲಿ ನಮ್ಮ ಪಂಪಿಗೂ ಇದಕ್ಕೂ ಒಂದು ವ್ಯತ್ಯಾಸ ಗಮನಿಸಿ. ಗ್ಲ್ಯಾಂಡ್ ಹಗ್ಗ ಸುತ್ತಿದ ಹಳೇ ಮಾದರಿ ಪಂಪಿನಲ್ಲಿ ಹನಿ ಹನಿ ನೀರು ತೊಟ್ಟಿಕ್ಕಲೇಬೇಕು. ಪೂರ್ತಿ ಬಿಗಿ ಮಾಡಿದ್ರೆ ಶಾಫ್ಟು ಬಿಸಿಯಾಗಿ ಸವೆಯುತ್ತೆ. ಸೀಲು ಇರೋ ಪಂಪಿನಲ್ಲಿ ಒಂದು ಹನಿಯೂ ಬರಬಾರದು. ಹನಿ ಬಂತು ಅಂದ್ರೆ ದಿನ ಎಣಿಸೋಕೆ ಶುರು ಮಾಡಿ.

ಬೆಲ್ಟಿನ ಜೊತೆಗೇ ಪಂಪು ಯಾಕೆ ಅಂದ್ರೆ, ಎರಡೂ ಒಂದೇ ಬಾಗಿಲ ಹಿಂದೆ ಇವೆ. ಈ ಕಾರಿನಲ್ಲಿ ಪಂಪು ತಿರುಗೋದು ಹೊರಗಿನ ಬೆಲ್ಟಿನಿಂದ, ಆದ್ರೂ ಅದನ್ನ ತೆಗೆಯೋಕೆ ಟೈಮಿಂಗ್ ಕವರು, ಬೆಲ್ಟು ಎಲ್ಲ ಬಿಚ್ಚಲೇಬೇಕು. ಹೊಸ ಬೆಲ್ಟು ಹಾಕಿ ಹಳೇ ಪಂಪು ಬಿಟ್ರೆ, ಆರು ತಿಂಗಳಿಗೆ ಪಂಪು ಸೋರಿದಾಗ ಇಷ್ಟೂ ಕೆಲಸ ಮತ್ತೆ. ಕೊಳವೆಬಾವಿಯಿಂದ ಮೋಟರ್ ಮೇಲೆತ್ತಿದಾಗ ಕೇಬಲ್ಲು, ಹಳೇ ಪೈಪು ಎಲ್ಲ ನೋಡಿಯೇ ಇಳಿಸ್ತೀವಲ್ಲ, ಅದೇ ಲೆಕ್ಕ. ಎತ್ತೋ ಕೂಲಿ ದೊಡ್ಡದು, ಸಾಮಾನು ಸಣ್ಣದು.

ಹಳೇ ಗ್ಯಾಸ್ಕೆಟ್ ಕೆರೆದು ತೆಗೆಯೋಕೆ ಒಂದು ಗಂಟೆ ಹಿಡೀತು. ಅಲ್ಯೂಮಿನಿಯಂ, ಗೀರು ಬಿದ್ರೆ ಸೋರುತ್ತೆ. ಆ ಕೆಲಸ ನಾನು ತಗೊಂಡೆ. ಅವನು ಪಕ್ಕದಲ್ಲಿ ಹೊಸ ಸೀಲುಗಳಿಗೆ ಎಣ್ಣೆ ಸವರಿ ಕೂರಿಸ್ತಿದ್ದ. ಎರಡು ವಾರದಿಂದ ಆಡದ ಮಾತು ಆಗ ಬಂತು. ಮುಖ ನೋಡದೇ ಕೈ ಕೆಲಸ ಮಾಡ್ತಿರುವಾಗ ಮಾತಾಡೋದು ಸುಲಭ ಅಂತ ಕಾಣುತ್ತೆ.

"ಸಿಗ್ದೇ ಹೋದ್ರೆ ವಾಪಸ್ ಬರ್ಬೇಕಾಗುತ್ತೆ ಅಪ್ಪ."

"ಬಾ. ಮನೆ ಎಲ್ಲಿಗೂ ಹೋಗಿಲ್ಲ."

"ಊರಲ್ಲಿ ಏನಂತಾರೆ?"

"ಒಂದು ವಾರ ಅಂತಾರೆ. ಆಮೇಲೆ ತೆಂಗಿನ ರೇಟು ಏರುತ್ತೆ, ಇಳಿಯುತ್ತೆ, ಅದನ್ನ ಮಾತಾಡ್ತಾರೆ."

ಅವನು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, "ಮಕ್ಕಳ ಸ್ಕೂಲು..." ಅಂದ, ಮುಂದೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ತೋಟ ನೋಡ್ಕೊಂಡು ಇಲ್ಲೇ ಇರು ಅಂತ ಅವನಿಗೆ ಹೇಳೋ ಆಸೆ ನನಗೆ ಇಪ್ಪತ್ತು ವರ್ಷದಿಂದ ಇದೆ. ಅದನ್ನ ಹೇಳೋಕೆ ಇದು ಹೊತ್ತಲ್ಲ. ಬಿದ್ದವನನ್ನ ಎಬ್ಬಿಸುವಾಗ ನಮ್ಮ ಕಡೆಗೆ ಎಳ್ಕೋಬಾರದು.

ಮೂರನೇ ದಿನ ಹೊಸ ಬೆಲ್ಟು. ಕ್ಯಾಮಿನ ಎರಡು ಪುಲ್ಲಿಗಳಲ್ಲಿ ಒಂದಕ್ಕೆ ಐ, ಇನ್ನೊಂದಕ್ಕೆ ಇ ಅಂತ ಇಂಗ್ಲಿಷ್ ಅಕ್ಷರದ ಗುರುತು. ಐ ಅಂದ್ರೆ ಗಾಳಿ ಒಳಬರೋ ಕಡೆ, ಇ ಅಂದ್ರೆ ಹೊಗೆ ಹೊರಹೋಗೋ ಕಡೆ. ಎರಡೂ ಹಿಂದಿನ ತಗಡಿನ ಗೀಟಿಗೆ ಎದುರಾಗಿರಬೇಕು, ಕ್ರ್ಯಾಂಕಿನ ಗುರುತೂ ತನ್ನ ಗೀಟಿಗೆ ಇರಬೇಕು. ಎರಡು ಗುರುತಿನ ಮಧ್ಯೆ ಬೆಲ್ಟಿನ 19 ಹಲ್ಲು. ವಾಲ್ವಿನ ಸ್ಪ್ರಿಂಗುಗಳು ಕ್ಯಾಮನ್ನ ತಳ್ತಿರೋದ್ರಿಂದ ಪುಲ್ಲಿ ಸುಮ್ನೆ ನಿಲ್ಲಲ್ಲ, ಸ್ವಲ್ಪ ಸ್ವಲ್ಪ ಜಾರುತ್ತೆ. ಮಗ ಬೆಲ್ಟು ಕೂರಿಸಿದ, ಟೆನ್ಷನರ್ ಬಿಟ್ಟ, ಸ್ಪ್ರಿಂಗು ಬಿಗಿ ತಗೊಳ್ತು. ಕ್ರ್ಯಾಂಕಿನ ಬೋಲ್ಟು ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿದ. ಈ ಸುತ್ತು ಬಿಡಬಾರದು, ತಪ್ಪಿದ್ದು ಗೊತ್ತಾಗೋದೇ ಇದರಲ್ಲಿ. ಕ್ರ್ಯಾಂಕು ಸರಿ ನಿಂತಿತು. ಐ ಸರಿ ನಿಂತಿತು. ಇ ಒಂದು ಹಲ್ಲು ಆಚೆ.

ಎಣಿಸಿದ. 19ರ ಬದಲು 20. ಮತ್ತೆ ಎಣಿಸಿದ, 20. ಬಿಸಿಲು ಏರಿತ್ತು. ಹಿಂದಿನ ರಾತ್ರಿ ಒಂದು ಕಂಪನಿಯಿಂದ ಬೇಡ ಅನ್ನೋ ಮೇಲ್ ಬಂದಿತ್ತು. ಸ್ಪ್ಯಾನರ್ ಕೆಳಗಿಟ್ಟು, "ಒಂದು ಹಲ್ಲು ಅಪ್ಪ, ಕಾರು ಓಡುತ್ತೆ" ಅಂದ.

ಓಡುತ್ತೆ ಅನ್ನೋದು ಸುಳ್ಳಲ್ಲ. ನಮ್ಮ ಡೀಸೆಲ್ ಎಂಜಿನ್ನಿನಲ್ಲೂ ಗೇರು ಒಂದು ಹಲ್ಲು ತಪ್ಪಿದ್ರೆ ಓಡಬಹುದು. ಹೊಗೆ ಕಾರುತ್ತೆ, ಎಳೆತ ಇರಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತೆ. ಆದ್ರೆ ಅವನು ಆ ಮಾತು ಆಡಿದ್ದು ಕಾರಿನ ಬಗ್ಗೆ ಅಲ್ಲ ಅಂತ ನನಗೆ ಗೊತ್ತಾಯ್ತು. "ಮೊದ್ಲು ಊಟ ಮಾಡು" ಅಂದೆ. ಸೊಸೆ ಅನ್ನ, ಹುರುಳಿ ಸಾರು ಮಾಡಿದ್ದಳು. ಉಂಡು ಒಂದು ನಿದ್ದೆ ತೆಗೆದ. ಸಂಜೆ ನಾನು ಕರೆಯೋ ಮೊದಲೇ ಗ್ಯಾರೇಜಿನಲ್ಲಿ ದೀಪ ಉರೀತಿತ್ತು. ಟೆನ್ಷನರ್ ಸಡಿಲಿಸಿ ಬೆಲ್ಟು ಜಾರಿಸಿ, ಇ ಪುಲ್ಲಿಯನ್ನ ನಿಧಾನ ಹಿಂದಕ್ಕೆ ತಂದು ಮತ್ತೆ ಕೂರಿಸಿದ. ಹಲ್ಲಿಗೆ ಹಲ್ಲು ಸೀಮೆಸುಣ್ಣದಲ್ಲಿ ಚುಕ್ಕೆ ಇಟ್ಟು ಎಣಿಸಿದ್ವಿ. 19. ಎರಡು ಸುತ್ತು ತಿರುಗಿಸಿ ಮತ್ತೆ ಎಣಿಸಿದ್ವಿ. 19. ಆಮೇಲೆ ಬೋಲ್ಟುಗಳನ್ನ ಅಳತೆಯ ಸ್ಪ್ಯಾನರಿನಲ್ಲಿ ಬಿಗಿ ಮಾಡಿದ.

ಕವರು ಮುಚ್ಚೋ ಮೊದಲು ಒಳಗಡೆ ಬಿಳಿ ಪೆನ್ನಿನಲ್ಲಿ ತಾರೀಖು, ಮೈಲಿ ಬರೆದ. ಊರಲ್ಲಿ ಪಂಪ್‌ಹೌಸಿನ ಬಾಗಿಲ ಹಿಂದೆ ಮೋಟರ್ ಎತ್ತಿದ ತಾರೀಖು ಬರೆಯೋದು ನೋಡಿ ಬೆಳೆದವನು, ಹೇಳಿಕೊಡಬೇಕಾಗಿರಲಿಲ್ಲ.

ಕೂಲಂಟಿಗೆ ಬಟ್ಟಿ ಇಳಿಸಿದ ನೀರು ಸಮಸಮ ಬೆರೆಸಿ ತುಂಬಿದ್ವಿ. ಟ್ರ್ಯಾಕ್ಟರಿಗೆ ಕೊಳವೆಬಾವಿ ನೀರು ಸುರಿಯೋರಿಗೆ ಇಲ್ಲೇ ಹೇಳಿಬಿಡ್ತೀನಿ: ಪಾತ್ರೇಲಿ ಬಿಳಿ ಪೊರೆ ಕಟ್ಟೋ ನೀರು ರೇಡಿಯೇಟರಿನಲ್ಲೂ ಪೊರೆ ಕಟ್ಟುತ್ತೆ. ಮುಂದಿನ ಚಕ್ರ ಎತ್ತರ ಮಾಡಿ, ಹೀಟರ್ ಹಾಕಿ, ಮುಚ್ಚಳ ತೆಗೆದಿಟ್ಟು ಎಂಜಿನ್ ಶುರು ಮಾಡಿದ. ಗಾಳಿ ಗುಳ್ಳೆ ಎಲ್ಲ ಹೊರಗೆ ಬರಲಿ ಅಂತ. ಶುರುವಾದ ಕೂಡಲೇ ಟಿಕ್ ಟಿಕ್ ಟಿಕ್ ಅಂತ ಶಬ್ದ. ನನ್ನ ಎದೆ ಹಾರಿತು. ಮಗ ಕೈ ಎತ್ತಿ ತಡೀರಿ ಅಂದ. ಎಣ್ಣೆ ಇಳಿದುಹೋಗಿದ್ದ ಲಿಫ್ಟರುಗಳು ಮತ್ತೆ ತುಂಬಿಕೊಳ್ಳೋವರೆಗೆ ಹಾಗೇ, ಈ ಕಾರಿನ ಹುಟ್ಟುಗುಣ. ಎರಡು ನಿಮಿಷಕ್ಕೆ ಶಬ್ದ ನಿಂತು ಎಂಜಿನ್ ಹದಕ್ಕೆ ಬಂತು. ಕೆಳಗೆ ರಟ್ಟು ಹಾಸಿ ರಾತ್ರಿ ಪೂರ್ತಿ ಬಿಟ್ವಿ. ಬೆಳಿಗ್ಗೆ ರಟ್ಟು ಒಣಗಿತ್ತು.

ಹತ್ತು ದಿನಕ್ಕೆ ಒಬ್ಬ ಹುಡುಗ ಬಂದ. ವೆಲ್ಡಿಂಗ್ ಕಲೀತಿದ್ದಾನಂತೆ, ಕೈಯಲ್ಲಿ ಸುಟ್ಟ ಕಲೆ. ಮೊದಲ ಪ್ರಶ್ನೆಯೇ "ಟೈಮಿಂಗ್ ಬೆಲ್ಟು ಯಾವಾಗ ಆಗಿದೆ?" ಮಗ ಹಳೇ ಬೆಲ್ಟು, ಹಳೇ ಪಂಪು, ಸಾಮಾನಿನ ರಸೀದಿ, ತೆಗೆದ ಫೋಟೋಗಳು ಎಲ್ಲ ಮುಂದಿಟ್ಟ. ಛಾವಣಿ ಬಟ್ಟೆ ಎಡಮೂಲೇಲಿ ಮಳೆಗೆ ತೊಟ್ಟಿಕ್ಕುತ್ತೆ ಅನ್ನೋದನ್ನೂ ತಾನಾಗೇ ಹೇಳಿದ. ಹುಡುಗ ಒಂದು ಸುತ್ತು ಓಡಿಸಿಕೊಂಡು ಬಂದು ಚೌಕಾಸಿ ಮಾಡದೆ ದುಡ್ಡು ಕೊಟ್ಟ. ಆ ದುಡ್ಡಿನಲ್ಲಿ ಎರಡು ತಿಂಗಳ ಬಾಡಿಗೆ ನಡೆಯುತ್ತೆ. ಗ್ಯಾರೇಜು ಖಾಲಿಯಾದ ಮೇಲೆ ಮಗ ಎರಡು ದಿನ ಆ ಕಡೆ ಹೋಗಲಿಲ್ಲ. ಮೂರನೇ ದಿನ ಹೋಗಿ ನೆಲ ತೊಳೆದ.

ಇದನ್ನ ಬರೆಯೋ ಹೊತ್ತಿಗೆ 47ನೇ ದಿನ. ಎರಡು ಕಂಪನಿಯಲ್ಲಿ ಮಾತುಕತೆ ಕೊನೇ ಸುತ್ತಿಗೆ ಬಂದಿದೆ. ಆಗಬಹುದು, ಆಗದಿರಬಹುದು. ಮಗ ವಾಪಸ್ ಬರ್ತಾನಾ ಅಂತ ಮೆಸೇಜ್ ಹಾಕಬೇಡಿ, ಗೊತ್ತಾದ ದಿನ ನಾನೇ ಹೇಳ್ತೀನಿ. ಅಷ್ಟರಲ್ಲಿ ನೀವೊಂದು ಕೆಲಸ ಮಾಡಿ. ನಿಮ್ಮ ಕಾರು ಬೆಲ್ಟಿನದಾ ಚೈನಿನದಾ ಅಂತ ಮೆಕ್ಯಾನಿಕ್ ಹತ್ರ ಕೇಳಿ. ಬೆಲ್ಟಿನದಾದ್ರೆ ಕೊನೇ ಸಲ ಯಾವಾಗ ಬದಲಿಸಿದ್ದು ಅಂತ ಹುಡುಕಿ. ಕಾರು ಜಾಸ್ತಿ ಓಡದಿದ್ರೂ ರಬ್ಬರಿಗೆ ವಯಸ್ಸಾಗುತ್ತೆ, ಕಿಲೋಮೀಟರ್ ಒಂದನ್ನೇ ನೋಡಬೇಡಿ. ತಾರೀಖು ಸಿಗದಿದ್ರೆ ಬದಲಿಸಿಬಿಡಿ, ಬದಲಿಸಿದ ದಿನ ಎಲ್ಲಾದ್ರೂ ಬರೆದಿಡಿ. ಪಂಪ್‌ಹೌಸಿನ ಬಾಗಿಲ ಹಿಂದೆ ಆದ್ರೂ ಸರಿ.